ಬಿಡುಗಡೆ ಆಯಿತು, ಆಮೇಲೆ?

ಕಳೆದ ದಸರಾ ರಜೆಯಲ್ಲಿ ಚಂದ್ರಾ ಲೇಔಟಿನ ನಮ್ಮ ಮನೆಯ ಅಟ್ಟ ಗುಡಿಸುವಾಗ ಅಮ್ಮನ ಎಂ.ಫಿಲ್. ಪ್ರಬಂಧ ಸಿಕ್ಕಿತು. ಗೆದ್ದಲು ತಿಂದು ಉಳಿಸಿದ್ದಷ್ಟು ಸಿಕ್ಕಿತು ಎಂದರೆ ಸರಿ. ಮಾಗಡಿ ಕಡೆಯ ನಾಲ್ಕಾರು ಹಳ್ಳಿಗಳಲ್ಲಿ ಕೂತು ಅಮ್ಮ ಬರೆದುಕೊಂಡಿದ್ದ ಸೋಬಾನೆ ಪದಗಳು ಅದರ ಅನುಬಂಧದಲ್ಲಿದ್ದವು. ಹಾಡಿದ ಅಜ್ಜಿಯರಲ್ಲಿ ಈಗ ಒಬ್ಬರೂ ಇಲ್ಲ. ಅದೇ ಚೀಲದಲ್ಲಿ ಒಂದು ಸಿ.ಡಿ. ಇತ್ತು. ವಿಜಯನಗರದ ಡಿಟಿಪಿ ಅಂಗಡಿಯವರು 2003ರಲ್ಲಿ ಕೊಟ್ಟಿದ್ದು. ಪುಣ್ಯಕ್ಕೆ ಸಿ.ಡಿ. ಕೆಟ್ಟಿರಲಿಲ್ಲ. ಆದರೆ ಕಡತ ಪೇಜ್‌ಮೇಕರಿನದು, ಅಕ್ಷರ ನುಡಿಯದು. ನನ್ನ ಲ್ಯಾಪ್‌ಟಾಪಿನಲ್ಲಿ ಕಡತವನ್ನು ಹೇಗೋ ಕೆದಕಿ ಒಳಗಿನ ಅಕ್ಷರಗಳನ್ನು ತೆಗೆದರೆ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಂತೆ.

“ಏನೇ ಇದು? ನಾನು ಬರೆದಿದ್ದು ಕನ್ನಡದಲ್ಲಿ ಕಣೇ” ಅಂದಳು ಅಮ್ಮ.

ನಾನು ಸಂಶೋಧನೆ ಮಾಡುತ್ತಿರುವುದು ಕಂಪ್ಯೂಟರ್ ವ್ಯವಸ್ಥೆಗಳ ಬಗ್ಗೆ. ಹಾಗಾಗಿ ದಾರಿ ಗೊತ್ತಿತ್ತು. ಲ್ಯಾಪ್‌ಟಾಪಿನೊಳಗೆ ಇನ್ನೊಂದು ಕಂಪ್ಯೂಟರನ್ನು, ಅಂದರೆ ವರ್ಚುವಲ್ ಮಷಿನ್ ಒಂದನ್ನು, ಎಬ್ಬಿಸಿದೆ. ಅದಕ್ಕೆ ಮನೆಯ ಹಳೆಯ ಕಂಪ್ಯೂಟರಿನ ಜೊತೆ ಬಂದಿದ್ದ ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ನುಡಿ ಮೂರನ್ನೂ ಹಾಕಿದೆ. ಕಡತ ತೆರೆಯಿತು. ಪರದೆಯ ಮೇಲೆ ದುಂಡಗಿನ ಕನ್ನಡ. ಅಮ್ಮ ಕನ್ನಡಕ ಸರಿಮಾಡಿಕೊಂಡು ಮೊದಲ ಪದವನ್ನು ಓದಲಿಲ್ಲ, ಮೆಲ್ಲಗೆ ಹಾಡಿದಳು.

ಈ ಲೇಖನ ಬರೆಯುತ್ತಿರುವುದು ಆ ಹಾಡು ಉಳಿದದ್ದು ಯಾರಿಂದ ಎಂದು ಹೇಳಲಿಕ್ಕೆ. ಯಾವ ಸಮಾರಂಭದಲ್ಲೂ ಶಾಲು ಹೊದಿಸಿಕೊಳ್ಳದ ಜನರಿಂದ ಅದು ಉಳಿಯಿತು. ಅವರನ್ನು ಕಡೆಗಣಿಸುವುದನ್ನೇ ನಾವು ಸಂಸ್ಕೃತಿ ಮಾಡಿಕೊಂಡಿದ್ದೇವೆ ಎಂಬುದು ನನ್ನ ಆರೋಪ.

ಲ್ಯಾಪ್‌ಟಾಪಿನೊಳಗಿನ ಆ ಕಂಪ್ಯೂಟರ್ ಒಂದು ವೇಷಗಾರ. ಕ್ಯೂಇಎಂಯು ಎಂಬ ತಂತ್ರಾಂಶ 1996ರ ಇಂಟೆಲ್ ಚಿಪ್‌ಸೆಟ್ ಒಂದರ ವೇಷವನ್ನು ಇಂದಿಗೂ ಹಾಕಬಲ್ಲದು. ಅದನ್ನು ಕಂಡ ಎಕ್ಸ್‌ಪಿ ತಾನು ತನ್ನ ಕಾಲದಲ್ಲೇ ಇದ್ದೇನೆಂದು ನಂಬುತ್ತದೆ. ನನಗೂ ಆ ವೇಷಗಾರನಿಗೂ ನಡುವೆ ನಿಂತು ಮಾತು ಮುಟ್ಟಿಸುವುದು ಲಿಬ್‌ವರ್ಟ್. ಡೇನಿಯಲ್ ವೆಯ್ಯಾರ್ ರೆಡ್ ಹ್ಯಾಟ್‌ನಲ್ಲಿದ್ದಾಗ 2005ರಲ್ಲಿ ಶುರುಮಾಡಿದ ಮುಕ್ತ ತಂತ್ರಾಂಶ ಅದು. ಝೆನ್, ಕ್ಯೂಇಎಂಯು, ವಿಎಂವೇರ್, ಹೀಗೆ ಒಂದೊಂದೂ ತನ್ನದೇ ಭಾಷೆಯಾಡುವ ವರ್ಚುವಲ್ ವ್ಯವಸ್ಥೆಗಳಿಗೆಲ್ಲ ಒಂದೇ ಮಾತಿನಲ್ಲಿ ಆಜ್ಞೆ ಕೊಡಲು ಅದು ಬೇಕು. ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂಬುದು ಅದರ ನಿಯಮ. ಹತ್ತು ವರ್ಷದ ಹಿಂದೆ ಅದನ್ನು ನಂಬಿ ಬರೆದ ಪ್ರೋಗ್ರಾಂ ಇವತ್ತೂ ನಡೆಯಬೇಕು.

ಇಂಥ ಮಾತು ಉಳಿಯಬೇಕಾದರೆ ಒಳಗೆ ಸದಾ ಯಾರೋ ಗುಡಿಸುತ್ತಿರಬೇಕು. ಅದು ಎಂಥ ಕೆಲಸ ಎಂದು ಒಂದು ಉದಾಹರಣೆ ಹೇಳುತ್ತೇನೆ. ಲಿಬ್‌ವರ್ಟ್ ಬಹುಪಾಲು ಸಿ ಭಾಷೆಯಲ್ಲಿದೆ. ಸಿ ಭಾಷೆಯಲ್ಲಿ ನೆನಪಿನ ಜಾಗವನ್ನು ಬಳಸುವುದು ಮದುವೆಮನೆಗೆ ಬಾಡಿಗೆ ಪಾತ್ರೆ ತಂದ ಹಾಗೆ. ತಂದಷ್ಟನ್ನೂ ಎಣಿಸಿ ಹಿಂತಿರುಗಿಸಬೇಕು. ಊಟ ಸುಗಮವಾಗಿ ಮುಗಿದರೆ ಸರಿ, ನಡುವೆ ಜಗಳವಾಗಿ ಎಲ್ಲರೂ ಎದ್ದುಹೋದರೂ ಪಾತ್ರೆ ಹಿಂತಿರುಗಲೇಬೇಕು. ಹಳೆಯ ಕೋಡಿನಲ್ಲಿ ಇದಕ್ಕೆಂದೇ ಪ್ರತಿ ಕಾರ್ಯದ ಕೊನೆಗೊಂದು ‘ಕ್ಲೀನಪ್’ ಎಂಬ ಗುರುತು. ಏನೇ ಎಡವಟ್ಟಾದರೂ ಅಲ್ಲಿಗೆ ಜಿಗಿದು ಎಲ್ಲವನ್ನೂ ಕೈಯಾರೆ ಹಿಂತಿರುಗಿಸಬೇಕು. ಒಂದು ಮರೆತರೆ ಸೋರಿಕೆ, ಎರಡು ಸಲ ಕೊಟ್ಟರೆ ಕುಸಿತ. 2019ರಲ್ಲಿ ಲಿಬ್‌ವರ್ಟ್ ತಂಡ ಜಿಲಿಬ್ ಎಂಬ ಗ್ರಂಥಾಲಯವನ್ನು ತನ್ನದಾಗಿಸಿಕೊಂಡಿತು. ಪಾತ್ರೆ ತರುವಾಗಲೇ ‘ಇದು ತಾನಾಗಿ ಹಿಂತಿರುಗಬೇಕು’ ಎಂದು ಚೀಟಿ ಅಂಟಿಸುವ ವಿಧಾನ ಕೋಡಿನ ತುಂಬ ಹರಡಿತು. 2020ರಲ್ಲಿ ಹಳೆಯ ಗ್ನುಲಿಬ್ ಹೋಯಿತು, ತಂತ್ರಾಂಶ ಕಟ್ಟುವ ಹಳೆಯ ಆಟೋಟೂಲ್ಸ್ ಹೋಗಿ ಮೆಸನ್ ಬಂತು. ಬಳಸುವವರಿಲ್ಲದ ಯೂಸರ್ ಮೋಡ್ ಲಿನಕ್ಸ್, ಐಬಿಎಂ ಪವರ್ ಹೈಪರ್‌ವೈಸರ್ ಚಾಲಕಗಳನ್ನು ತೆಗೆದುಹಾಕಿದರು. ಒಂದೊಂದು ಸಾಲು, ಒಂದೊಂದು ಕಡತ, ವರ್ಷಗಟ್ಟಲೆ. ಇಷ್ಟೆಲ್ಲ ಮಾಡಿದ ಮೇಲೆ ಬಳಸುವವನಿಗೆ ಕಾಣುವ ವ್ಯತ್ಯಾಸ? ಏನೂ ಇಲ್ಲ. ಏನೂ ಕಾಣದಿರುವುದೇ ಆ ಕೆಲಸದ ಯಶಸ್ಸು.

ನನ್ನ ಸಂಶೋಧನೆಯ ಪ್ರಗತಿ ಪರಿಶೀಲನೆಯಲ್ಲಿ ಇಂಥದ್ದೇ ಕೆಲಸವನ್ನು ಮುಂದಿಟ್ಟೆ. ಏಳು ತಿಂಗಳು ಒಂದು ಹಳೆಯ ಕೋಡನ್ನು ಓದಿ, ಪರೀಕ್ಷೆಗಳನ್ನು ಬರೆದು, ಸತ್ತ ಭಾಗಗಳನ್ನು ಕಿತ್ತುಹಾಕಿದ್ದೆ. ಸಮಿತಿಯ ಹಿರಿಯರೊಬ್ಬರು ಪುಟ ತಿರುವಿ, “ಇದರಲ್ಲಿ ಹೊಸದೇನಮ್ಮ?” ಎಂದು ಕೇಳಿದರು. ಪ್ರಾಮಾಣಿಕ ಪ್ರಶ್ನೆಯೇ. ಉತ್ತರ ‘ಏನೂ ಇಲ್ಲ’. ಆ ಏಳು ತಿಂಗಳು ನನ್ನ ಲೆಕ್ಕದಲ್ಲಿ ಸೊನ್ನೆಯಾಗಿ ಉಳಿಯಿತು.

ಅಂದು ನನಗೆ ಹೊಳೆಯದ ಉತ್ತರ ಆಮೇಲೆ ಹೊಳೆಯಿತು, ಅದೂ ಕನ್ನಡ ಎಂ.ಎ. ಓದಿದ ಅಮ್ಮನ ಕಪಾಟಿನಲ್ಲಿ. ಅಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಇದೆ. ಓಲೆಗರಿಯ ನಾಲ್ಕು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಯಾವುದು ಲಿಪಿಕಾರನ ಕೈತಪ್ಪು, ಯಾವುದು ಕವಿಯ ಮಾತು ಎಂದು ತೂಗುವವರನ್ನು ನಾವು ವಿದ್ವಾಂಸರೆಂದು ಕರೆದೆವು. ಪಂಪ, ರನ್ನರನ್ನು ಇವತ್ತು ತರಗತಿಯಲ್ಲಿ ಓದುತ್ತಿರುವುದು ಅವರಿಂದ. ‘ಇದರಲ್ಲಿ ಹೊಸದೇನು’ ಎಂದು ಅವರನ್ನು ಯಾರೂ ಕೇಳಲಿಲ್ಲ. ಹಳೆಯ ಕೋಡು ಶುಚಿಮಾಡುವವರ ಕೆಲಸ ಅದಕ್ಕಿಂತ ಬೇರೆಯಲ್ಲ. ಅರ್ಥವಿಲ್ಲದಂತೆ ಕಾಣುವ ಒಂದು ಸಾಲು ನಿಜವಾಗಿ ತಪ್ಪೋ, ಹಿಂದೆ ಯಾರೋ ತಿಂದ ಪೆಟ್ಟಿನ ನೆನಪೋ ಎಂದು ತೂಗಿಯೇ ಅಳಿಸಬೇಕು. ಒಂದನ್ನು ವಿದ್ವತ್ತು ಎಂದು, ಇನ್ನೊಂದನ್ನು ಕೂಲಿ ಎಂದು ಕರೆಯಲು ಯಾವ ಕಾರಣವೂ ಇಲ್ಲ.

ಈಗ ನಮ್ಮ ಮನೆಯ ವಿಷಯಕ್ಕೆ, ಅಂದರೆ ಕನ್ನಡದ ವಿಷಯಕ್ಕೆ ಬರೋಣ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಅದು ಮನೆಮನೆಯ ಕಂಪ್ಯೂಟರಿಗೆ ಬರಲು ಕಾಲ ಹಿಡಿಯಿತು. ಆ ನಡುವೆ ಬರಹ, ನುಡಿಗಳು ಬಂದವು. ಅವು ಅಕ್ಷರದ ಆಕಾರದ ತುಣುಕುಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಕೂರಿಸಿ ಕನ್ನಡವನ್ನು ತೋರಿಸಿದವು. ಅಂದಿನ ಯಂತ್ರಗಳಲ್ಲಿ ಅದೇ ಸಾಧ್ಯವಿದ್ದ ದಾರಿ. ಅವುಗಳನ್ನು ಕಟ್ಟಿದವರಿಗೆ ನಾವು ಋಣಿಗಳು. ತಪ್ಪು ಅವರದ್ದಲ್ಲ, ಆಮೇಲಿನ ನಮ್ಮದು. ಕಚೇರಿಗಳ ಸುತ್ತೋಲೆ, ಪತ್ರಿಕೆಗಳ ಸಂಚಿಕೆ, ಪ್ರಕಾಶಕರ ಪುಸ್ತಕ, ಅಮ್ಮನಂಥವರ ಪ್ರಬಂಧ ಎಲ್ಲವೂ ಆ ತುಣುಕುಗಳಲ್ಲೇ ಬಿದ್ದಿವೆ. ಅವನ್ನು ಯೂನಿಕೋಡಿಗೆ ದಾಟಿಸುವುದು ಯಾರ ಹೊಣೆ ಎಂದು ಯಾವ ಬಿಡುಗಡೆ ಸಮಾರಂಭದ ಆಹ್ವಾನ ಪತ್ರಿಕೆಯಲ್ಲೂ ಅಚ್ಚಾಗಿರುವುದಿಲ್ಲ.

ಆ ಕೆಲಸ ಸುಲಭವೂ ಅಲ್ಲ. ಅರ್ಕಾವೊತ್ತನ್ನೇ ನೋಡಿ. ‘ಸೂರ್ಯ’ ಎಂದು ಬರೆಯುವಾಗ ಆ ಗುರುತು ಕಣ್ಣಿಗೆ ಕೊನೆಯಲ್ಲಿ ಕಾಣುತ್ತದೆ, ಹಳೆಯ ಕಡತದಲ್ಲೂ ಕೊನೆಯಲ್ಲೇ ಕೂತಿದೆ. ಆದರೆ ನಾಲಿಗೆಗೆ ‘ರ್’ ಮೊದಲು, ‘ಯ’ ಆಮೇಲೆ, ಯೂನಿಕೋಡಿನಲ್ಲೂ ಹಾಗೆಯೇ. ಪರಿವರ್ತಕ ಅದನ್ನು ಹಿಂದಕ್ಕೆ ಜರುಗಿಸಬೇಕು, ಆದರೆ ಎಷ್ಟು ಹಿಂದಕ್ಕೆ ಎಂಬುದು ಮುಂದಿನ ಒತ್ತಕ್ಷರದ ಮೇಲೆ ನಿಂತಿದೆ. ಅರವಿಂದ ವಿ.ಕೆ. ಇಂಥ ಪರಿವರ್ತಕವೊಂದನ್ನು ಬರೆದು ಎಲ್ಲರಿಗೂ ಮುಕ್ತವಾಗಿಟ್ಟಿದ್ದಾರೆ. ಇಂಥ ಕೆಲಸಕ್ಕೆ ಬಹುಮಾನವಿರುವ ಅಕಾಡೆಮಿ ಯಾವುದು, ನೀವೇ ಹೇಳಿ.

‘ಹಳೆಯದನ್ನು ಯಾಕೆ ತೇಪೆ ಹಾಕುತ್ತೀರಿ, ಹೊಸದಾಗಿ ಬರೆಯಿರಿ’ ಎನ್ನುವವರಿದ್ದಾರೆ. ಹೊಸದು ಎರಡೇ ವರ್ಷಕ್ಕೆ ಹಳೆಯದಾಗುತ್ತದೆ. ನೋಡಿಕೊಳ್ಳುವವರಿಲ್ಲದ ಮನೆಯಲ್ಲಿ ಎಷ್ಟು ಹೊಸ ಬಾಗಿಲಿಟ್ಟರೂ ಗೆದ್ದಲು ಅದನ್ನೇ ಮೊದಲು ಹಿಡಿಯುತ್ತದೆ. ‘ಹಳೆಯದೆಲ್ಲ ಪರಂಪರೆ, ಮುಟ್ಟಬೇಡಿ’ ಎನ್ನುವವರೂ ಇದ್ದಾರೆ. ಅವರ ಮಾತೂ ನನಗೆ ಒಪ್ಪಿಗೆಯಿಲ್ಲ. ಲಿಬ್‌ವರ್ಟ್ ಸತ್ತ ಚಾಲಕಗಳನ್ನು ಕಿತ್ತೆಸೆಯಿತು, ಕೊಟ್ಟ ಮಾತನ್ನು ಉಳಿಸಿಕೊಂಡಿತು. ಏನು ಉಳಿಯಬೇಕು, ಏನು ಹೋಗಬೇಕು ಎಂದು ಪ್ರತಿದಿನ ನಿರ್ಧರಿಸುವುದಕ್ಕೇ ನಿರ್ವಹಣೆ ಎನ್ನುವುದು. ‘ಇದನ್ನೆಲ್ಲ ದೊಡ್ಡ ಕಂಪನಿಗಳು ನೋಡಿಕೊಳ್ಳುತ್ತವೆ’ ಎಂಬ ಮೂರನೆಯ ಸಮಾಧಾನವೂ ಸುಳ್ಳು. 2024ರ ಮಾರ್ಚ್‌ನಲ್ಲಿ ಏನಾಯಿತು ನೆನಪಿದೆಯೇ? ಲಿನಕ್ಸ್ ಜಗತ್ತೆಲ್ಲ ನಂಬಿದ್ದ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶವನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದುದು ದಣಿದ ಒಬ್ಬನೇ ಮನುಷ್ಯ. ಸಹಾಯ ಮಾಡುವ ನೆಪದಲ್ಲಿ ಸೇರಿಕೊಂಡ ಒಬ್ಬ, ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, ಅದರೊಳಗೆ ಕಳ್ಳಬಾಗಿಲು ಇಟ್ಟಿದ್ದ. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಲೆಕೆಡಿಸಿಕೊಳ್ಳದಿದ್ದರೆ ಅದು ಎಲ್ಲೆಡೆ ಹರಡುತ್ತಿತ್ತು. ಒಬ್ಬಂಟಿಯಾಗಿ ಬಿಟ್ಟ ನಿರ್ವಾಹಕನ ದಣಿವಿಗೆ ಜಗತ್ತು ತೆರಬೇಕಾಗಿದ್ದ ಬೆಲೆ ಅದು.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ತೆರೆದರೆ, ದಾನಶಾಸನಗಳಲ್ಲಿ ಮತ್ತೆ ಮತ್ತೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಎದುರಾಗುತ್ತದೆ. ಒಡೆದದ್ದನ್ನು, ಬಿರುಕುಬಿಟ್ಟದ್ದನ್ನು ಸರಿಪಡಿಸುವುದಕ್ಕೆ ಎಂದರ್ಥ. ನಿತ್ಯಪೂಜೆಗೆ ಇಷ್ಟು, ಅನ್ನದಾನಕ್ಕೆ ಇಷ್ಟು ಎಂದು ಭೂಮಿ ಬಿಡುವಾಗಲೇ ದುರಸ್ತಿಗೂ ಬಿಡುತ್ತಿದ್ದರು. ಕೆರೆ ಕಟ್ಟಿದವರಿಗೆ, ರಿಪೇರಿ ಮಾಡಿದವರಿಗೆ ಕಟ್ಟುಕೊಡಗೆ ಕೊಡುತ್ತಿದ್ದರು. ಎಷ್ಟೋ ಶಾಸನಗಳ ಕೊನೆಯಲ್ಲಿ ಬರುವ ಸಂಸ್ಕೃತ ಶ್ಲೋಕವೊಂದರ ತಾತ್ಪರ್ಯವೇ ದಾನ ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ಮೇಲು ಎಂದು. ಈ ಮಾತನ್ನು ಕಲ್ಲಿನಲ್ಲಿ ಕೆತ್ತಿದ ನಾಡು ಈಗ ಬಿಡುಗಡೆಯ ಫಲಕಕ್ಕೆ ಗಣ್ಯರ ಹೆಸರನ್ನಷ್ಟೇ ಕೆತ್ತುತ್ತಿದೆ.

ಲಿಬ್‌ವರ್ಟ್‌ನಲ್ಲಿ ಕನ್ನಡವೂ ಇದೆ ಎಂದರೆ ಎಷ್ಟು ಜನ ನಂಬುತ್ತೀರಿ? ಅದರ ಸಂದೇಶಗಳ ಕನ್ನಡ ಅನುವಾದದ ಕಡತವೊಂದು ಮೂಲದಲ್ಲೇ ಇದೆ. ಯಾರೋ ಕೂತು ಸಾಲುಸಾಲಾಗಿ ಮಾಡಿದ್ದು. ಆದರೆ ಇಂಥ ಅನುವಾದಗಳಲ್ಲಿ ಇಂಗ್ಲಿಷ್ ವಾಕ್ಯವೇ ಬೀಗದ ಕೈ. ಅಲ್ಲಿ ಒಂದು ಪದ ಬದಲಾದರೂ ಕನ್ನಡದ ಸಾಲು ಕಳಚಿಕೊಳ್ಳುತ್ತದೆ, ಯಾರಾದರೂ ಮತ್ತೆ ನೋಡಿ ಜೋಡಿಸುವವರೆಗೆ ಪರದೆಗೆ ಬರುವುದು ಇಂಗ್ಲಿಷೇ. 2023ರಲ್ಲಿ ಲಿಬ್‌ವರ್ಟ್ ತಂಡ ಇನ್ನೊಂದು ದೊಡ್ಡ ಶುಚಿಕಾರ್ಯ ಮಾಡಿತು. ಸಂದೇಶಗಳಲ್ಲಿ ಹೆಸರು, ಸಂಖ್ಯೆ ಬಂದು ಕೂರುವ ಖಾಲಿ ಜಾಗಗಳಿಗೆಲ್ಲ ಒಂದು, ಎರಡು ಎಂದು ಅಂಕಿ ಕೊಟ್ಟಿತು. ಅನುವಾದಕರು ಅವುಗಳ ಕ್ರಮವನ್ನು ನಿರಾತಂಕವಾಗಿ ಬದಲಿಸಲಿ ಎಂದು. ಕ್ರಿಯಾಪದವನ್ನು ಕೊನೆಗಿಡುವ ಕನ್ನಡಕ್ಕೆ ಇದಕ್ಕಿಂತ ಒಳ್ಳೆಯ ಉಪಕಾರ ಬೇರೆಯಿಲ್ಲ. ಎಲ್ಲೋ ದೂರದಲ್ಲಿ ಕೂತವರು ನಮ್ಮ ವಾಕ್ಯಕ್ಕೆ ಜಾಗ ಮಾಡಿಕೊಟ್ಟರು. ಆ ಜಾಗದಲ್ಲಿ ಬಂದು ಕೂರಬೇಕಾದವರು ನಾವು.

ಹಾಗಾಗಿ ನನ್ನ ಬೇಡಿಕೆಗಳು ಮೂರೇ. ಸಾರ್ವಜನಿಕ ಹಣದಲ್ಲಿ ತಯಾರಾಗುವ ಯಾವುದೇ ಕನ್ನಡ ತಂತ್ರಾಂಶದ ಮೂಲ ಕೋಡು ಮುಕ್ತವಾಗಿರಲಿ. ಅದರ ಆದೇಶದಲ್ಲೇ, ಮೊದಲ ದಿನವೇ, ಖಂಡಸ್ಫುಟಿತಕ್ಕೆ ಇಷ್ಟು ಹಣ, ಇಷ್ಟು ಜನ, ಇಷ್ಟು ವರ್ಷ ಎಂದು ಬರೆದಿರಲಿ. ಎರಡನೆಯದು, ವಿಶ್ವವಿದ್ಯಾಲಯಗಳು ಹಳೆಯ ಕೋಡಿನ ಸಂಪಾದನೆಯನ್ನು ಸಂಶೋಧನೆಯೆಂದು ಒಪ್ಪಲಿ; ಏನನ್ನು ತೆಗೆದೆ, ಏಕೆ ತೆಗೆದೆ, ಏನು ಮುರಿಯಲಿಲ್ಲ ಎಂಬುದಕ್ಕೆ ಲೆಕ್ಕ ಕೇಳಲಿ, ಸೊನ್ನೆ ಕೊಡದಿರಲಿ. ಮೂರನೆಯದು ನಿಮಗೆ, ಕನ್ನಡ ಸಾಹಿತ್ಯ ಓದುತ್ತಿರುವ ಗೆಳೆಯರಿಗೆ. ‘ನಮಗೆ ಕೋಡು ಬರುವುದಿಲ್ಲ’ ಎನ್ನಬೇಡಿ. ಪರಿವರ್ತಕ ಎಲ್ಲಿ ಎಡವುತ್ತದೆ ಎಂದು ಹಿಡಿಯಲು ಕನ್ನಡ ಬರಬೇಕು. ಕಳಚಿದ ಅನುವಾದ ಜೋಡಿಸಲು ಕನ್ನಡ ಬರಬೇಕು. ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ಅರ್ಘ್ಯ’ ಇಂಥ ನೂರು ಪದಗಳ ಪಟ್ಟಿ ಮಾಡಿ ಪರೀಕ್ಷಿಸಿ ಕೊಟ್ಟರೂ ಅದು ಜೀರ್ಣೋದ್ಧಾರವೇ.

ಅಮ್ಮನ ಕಡತವನ್ನು ಯೂನಿಕೋಡಿಗೆ ದಾಟಿಸಿದ್ದಾಗಿದೆ. ಈಗ ದಿನಾ ರಾತ್ರಿ ಊಟವಾದ ಮೇಲೆ ಒಂದಷ್ಟು ಪುಟ ತಿದ್ದುತ್ತೇವೆ. ತಪ್ಪು ಕಂಡಲ್ಲಿ ಅಮ್ಮ ನಿಲ್ಲಿಸುತ್ತಾಳೆ, ಒಮ್ಮೊಮ್ಮೆ ಅದು ಯಂತ್ರದ ತಪ್ಪಲ್ಲ, ಆ ಅಜ್ಜಿಯ ಊರಿನ ಉಚ್ಚಾರ. “ಅದನ್ನ ಮುಟ್ಟಬೇಡ, ಅವರು ಹಾಗೇ ಅಂತಿದ್ದಿದ್ದು” ಅನ್ನುತ್ತಾಳೆ. ಇನ್ನೂ ನಲವತ್ತು ಪುಟ ಬಾಕಿ ಇದೆ.