ಯಾರು ಬೇಕಾದರೂ ಓದಬಹುದಾದ ಕಾರ್ಡು

ಮಕ್ಕಳೇ, ಹೋದ ದೀಪಾವಳಿ ಹೊತ್ತಿಗೆ ನನ್ನ ಮೊಮ್ಮಗಳು ಎಂಜಿನಿಯರಿಂಗ್ ಮುಗಿಸಿ ಮನೆಯಲ್ಲಿ ಕೂತು ಐದು ತಿಂಗಳಾಗಿತ್ತು. ದಿನಾ ನಾಲ್ಕಾರು ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದಳು. ಒಂದರಿಂದಲೂ ಉತ್ತರವಿಲ್ಲ. ಊಟಕ್ಕೆ ಕರೆದರೆ "ಹಸಿವಿಲ್ಲಜ್ಜಾ" ಅನ್ನುವುದು ಹೆಚ್ಚಾಗಿತ್ತು.

ಒಂದು ಸಂಜೆ ಅವಳ ಹಿಂದೆ ನಿಂತು ಕಂಪ್ಯೂಟರ್ ಇಣುಕಿ ನೋಡಿದೆ. ಅವಳ ಫೋಟೊ, ಹೆಸರು, ಕೆಳಗೊಂದು ಸಾಲು.

"ಏನವ್ವಾ ಇದು? ವರ ಹುಡುಕೋ ಜಾಹೀರಾತು ಇದ್ದಂಗ ಐತಿ!"

ಬಹಳ ದಿನದ ಮೇಲೆ ನಕ್ಕಳು. "ಇದು ಲಿಂಕ್ಡ್‌ಇನ್ ಅಜ್ಜಾ. ನೌಕರಿ ಕೊಡಾವ್ರು ಇಲ್ಲೇ ಹುಡುಕ್ತಾರ."

ಈ ಲಿಂಕ್ಡ್‌ಇನ್ ಅಮೆರಿಕದಲ್ಲಿ 2003ರಲ್ಲಿ ಶುರುವಾಯಿತು. 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಫೇಸ್‌ಬುಕ್ಕಿನಲ್ಲಿ ಹುಟ್ಟುಹಬ್ಬದ ಕೇಕು ಹೆಚ್ಚು, ಇಲ್ಲಿ ಕೆಲಸದ ಮಾತು ಹೆಚ್ಚು. ಕಂಪನಿಗೆ ಜನ ಬೇಕಾದಾಗ ನೇಮಕ ಮಾಡುವವರು ವಿದ್ಯೆ, ಊರು, ಅನುಭವ ಎಂದು ಶಬ್ದ ಹಾಕಿ ಹುಡುಕುತ್ತಾರೆ. ನಾವು ಬರೆದದ್ದು, ಇನ್ನೊಬ್ಬರ ಬರಹಕ್ಕೆ ನಾವು ಹಾಕಿದ ಟಿಪ್ಪಣಿ, ಎರಡೂ ಅಪರಿಚಿತರ ಕಣ್ಣಿಗೆ ಬೀಳಬಹುದು. ನಮ್ಮ ಕಾಲದಲ್ಲಿ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿ, ಕಾರ್ಡು ತಂದು, ಪೋಸ್ಟ್‌ಮನ್ ದಾರಿ ಕಾಯುತ್ತ ಕೂರಬೇಕಿತ್ತು.

ಅವಳ ಹೆಸರಿನ ಕೆಳಗಿನ ಸಾಲು ಓದಿದೆ. 'ಎ.ಐ. ಪರಿಣತೆ' ಎಂದಿತ್ತು.

"ಖರೇನಾ ತಂಗಿ?"

"ಆರು ವಾರದ ಕೋರ್ಸ್ ಮಾಡೀನಿ. ಎಲ್ಲಾರೂ ಹಂಗ ಬರೀತಾರಜ್ಜಾ."

ನಾನು ಬಯ್ಯಲಿಲ್ಲ. ಬಯ್ಯುವ ಅಧಿಕಾರ ನನಗಿರಲಿಲ್ಲ. ಬಿ.ಕಾಂ. ಮುಗಿಸಿದ ವರ್ಷ ಒಂದು ಕಚೇರಿಗೆ ಅರ್ಜಿ ಹಾಕುವಾಗ 'ಟೈಪಿಂಗ್ ಚೆನ್ನಾಗಿ ಬರುತ್ತದೆ' ಎಂದು ನಾನೂ ಬರೆದಿದ್ದೆ. ಬರುತ್ತಿದ್ದದ್ದು ಎರಡು ಬೆರಳಿನಲ್ಲಿ ಕುಟ್ಟುವುದಷ್ಟೇ. ಸಂದರ್ಶನದ ದಿನ ಸಾಹೇಬರು ಒಂದು ಪ್ರಶ್ನೆಯನ್ನೂ ಕೇಳದೆ ಟೈಪ್‌ರೈಟರ್ ತರಿಸಿ ನನ್ನ ಮುಂದೆ ಇಡಿಸಿದರು. ಹತ್ತು ನಿಮಿಷಕ್ಕೆ ಐದೇ ಸಾಲು, ಸಾಲಿಗೆರಡು ತಪ್ಪು. "ಹೋಗಿ ಬರ್ರಿ" ಅಂದರು. ಐವತ್ತು ವರ್ಷ ಮನೆಯಾಕೆಗೂ ಹೇಳದ ಈ ಕಥೆಯನ್ನು ಅಂದು ಮೊಮ್ಮಗಳಿಗೆ ಹೇಳಿದೆ. ಮುಂದೆ ಬ್ಯಾಂಕು ಸೇರಿದಾಗ ಕಲಿತ ಮೊದಲ ಪಾಠವನ್ನೂ ಹೇಳಿದೆ: ವೋಚರ್ ಇಲ್ಲದೆ ಲೆಡ್ಜರಿನಲ್ಲಿ ಒಂದು ರೂಪಾಯಿಯನ್ನೂ ಬರೆಯುವ ಹಾಗಿಲ್ಲ.

"ಯಾವ ಮಾತಿಗೆ ನಿನ್ನ ಹತ್ರ ವೋಚರ್ ಐತಿ, ಅಷ್ಟನ್ನ ಬರಿ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಮೆಣಸಿನಕಾಯಿ ಡಬ್ಬಿ ಐತಲ್ಲಜ್ಜಾ" ಅಂದಳು.

ಒಣಮೆಣಸಿನಕಾಯಿಗೆ ಥಂಡಿ ತಾಗಿದರೆ ಬೂಷ್ಟು ಹಿಡಿಯುತ್ತದೆ. ಗೋದಾಮಿನ ಗಾಳಿಯಲ್ಲಿ ತೇವ ಹೆಚ್ಚಾದ ಕೂಡಲೇ ಫೋನಿಗೆ ಸುದ್ದಿ ಕಳಿಸುವ ಪುಟ್ಟ ಡಬ್ಬಿಯೊಂದನ್ನು ಕೊನೆಯ ವರ್ಷದಲ್ಲಿ ಇವಳೂ ಮೂವರು ಗೆಳತಿಯರೂ ಮಾಡಿದ್ದರು. ಮೊದಲ ಡಬ್ಬಿ ಮೆಣಸಿನ ಧೂಳು ಕುಡಿದು ಮೂರೇ ದಿನಕ್ಕೆ ಕೆಟ್ಟಿತು. ಎರಡನೆಯದಕ್ಕೆ ತೆಳು ಬಟ್ಟೆಯ ಮುಸುಕು ಹಾಕಿದರು. ಅದು ನಡೆಯಿತು.

"ಕೆಟ್ಟ ಕಥೀನೂ ಬರೀಲೇನು?"

"ಅದನ್ನೇ ಮೊದಲು ಬರಿ."

'ಪರಿಣತೆ' ಅಳಿಸಿ, ಕಲಿತ ವಿದ್ಯೆ ಮತ್ತು ಮಾಡಿದ ಕೆಲಸ ಹಾಕಿದಳು. ಡಬ್ಬಿಯ ಕಥೆಯನ್ನು ಫೋಟೊ ಸಮೇತ ಬರೆದಳು. ಮೆಚ್ಚಿದವರು ಹನ್ನೊಂದು ಜನ. ಅದರಲ್ಲಿ ಒಂಬತ್ತು ಮಂದಿ ನಮ್ಮ ಬೀಗರು, ನೆಂಟರು! ಮತ್ತೆ ಮುಖ ಬಾಡಿತು.

ಆಗ ನಮ್ಮೂರಿನದೇ ಒಂದು ಕಥೆ ಹೇಳಿದೆ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಕುಲಕರ್ಣಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಅಲ್ಲಿ ಟೆಲ್ಕೋ ಕಂಪನಿಯ ಜಾಹೀರಾತು ಕಂಡರು. ಟೆಲ್ಕೋ ಎಂದರೆ ಇಂದಿನ ಟಾಟಾ ಮೋಟಾರ್ಸ್. ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲ ಎಂದು ಅದರಲ್ಲಿತ್ತು. ಇವರು ಸುಮ್ಮನಿರದೆ ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಅಂಚೆಕಾರ್ಡು ಬರೆದು, ಇಂಥ ಕಂಪನಿ ಹೆಣ್ಣು ಗಂಡೆಂದು ಭೇದ ಮಾಡುವುದೇ ಎಂದು ಕೇಳಿದರು. ಪುಣೆಯಿಂದ ಸಂದರ್ಶನಕ್ಕೆ ಕರೆ ಬಂತು. ಆ ಕಂಪನಿಯ ಮೊದಲ ಮಹಿಳಾ ಎಂಜಿನಿಯರ್ ಆದರು. ಅವರೇ ಇಂದಿನ ಸುಧಾ ಮೂರ್ತಿ.

"ನೋಡು, ಅಂಚೆಕಾರ್ಡನ್ನ ದಾರ್ಯಾಗ ಯಾರು ಬೇಕಾದ್ರೂ ಓದಬಹುದು. ನಿನ್ನ ಲಿಂಕ್ಡ್‌ಇನ್ನೂ ಕಾರ್ಡೇ. ಹೊಗಳಿಕೊಂಡ್ರ ಯಾರೂ ಓದೂದಿಲ್ಲ. ಹೇಳೂ ಮಾತಿದ್ರ ಓದ್ತಾರ."

ಅವಳೊಂದು ನೇಮ ಮಾಡಿಕೊಂಡಳು. ವಾರಕ್ಕೊಂದು ಬರಹ. ತನ್ನ ವಿದ್ಯೆಯ ಹಿರಿಯರು ಬರೆದದ್ದನ್ನು ಪೂರ್ತಿ ಓದಿ ಎರಡು ಮೂರು ಟಿಪ್ಪಣಿ. 'ಸೂಪರ್ ಸರ್' ಎನ್ನುವ ಟಿಪ್ಪಣಿಯಲ್ಲ. ತನಗೆ ಗೊತ್ತಿದ್ದ ಒಂದು ಸಂಗತಿ, ಇಲ್ಲವೇ ಗೊತ್ತಿಲ್ಲದ್ದರ ಬಗ್ಗೆ ಒಂದು ಪ್ರಶ್ನೆ. ಪಾಠ ಹೇಳಿದ ಮೇಷ್ಟ್ರನ್ನು ಕೇಳಿ ಅವರಿಂದ ಶಿಫಾರಸಿನ ನಾಲ್ಕು ಸಾಲು ಬರೆಸಿಕೊಂಡಳು.

ನಡುವೆ ಒಂದು ಸಂದೇಶ ಬಂತು. 'ನೀವು ಆಯ್ಕೆಯಾಗಿದ್ದೀರಿ. ಲ್ಯಾಪ್‌ಟಾಪಿಗೆ 4,500 ರೂಪಾಯಿ ಠೇವಣಿ ಇಂದೇ ಕಳಿಸಿ.' ಕುಣಿಯುತ್ತ ನನ್ನ ಹತ್ತಿರ ಬಂದಳು. ಸಂದರ್ಶನವಿಲ್ಲದೆ ನೌಕರಿ, ಅದಕ್ಕೆ ಅವಸರದ ದುಡ್ಡು! ಸಂಬಳ ಕೊಡಬೇಕಾದವರು ನಮ್ಮಿಂದಲೇ ಹಣ ಕೇಳಿದರೆ ಅದು ನೌಕರಿಯಲ್ಲ, ಬಲೆ. ಇಂಥದ್ದರಲ್ಲಿ ಯಾರಾದರೂ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಸಂಕ್ರಾಂತಿ ಕಳೆದ ಮೇಲೆ ಒಬ್ಬ ಅಪರಿಚಿತರು ಮೆಣಸಿನಕಾಯಿ ಡಬ್ಬಿಯ ಬರಹದ ಕೆಳಗೆ ಪ್ರಶ್ನೆ ಹಾಕಿದ್ದರು. ಧೂಳು ತಡೆಯುವ ಬಟ್ಟೆ ಗಾಳಿಯನ್ನೂ ತಡೆಯುವುದಿಲ್ಲವೇ? ಇವಳು ಮೂರು ಬಗೆಯ ಬಟ್ಟೆ ಹಾಕಿ ನೋಡಿದ ಲೆಕ್ಕವನ್ನು ಉತ್ತರವಾಗಿ ಬರೆದಳು. ತಿಂಗಳ ನಂತರ ಅವರ ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ಅಲ್ಲಿಯೂ ಮೊದಲ ಪ್ರಶ್ನೆ ಕೆಟ್ಟುಹೋದ ಡಬ್ಬಿಯದೇ. ಈಗ ಆರು ತಿಂಗಳ ತರಬೇತಿಗೆ ತೆಗೆದುಕೊಂಡಿದ್ದಾರೆ. ಸಂಬಳ ಸಣ್ಣದು, ಕಾಯಂ ಆಗುವುದು ಕೆಲಸ ನೋಡಿದ ಮೇಲೆ. ಆ ರಾತ್ರಿ ಮಾತ್ರ ನಾವು ಕರೆಯುವ ಮೊದಲೇ ಊಟಕ್ಕೆ ಬಂದು ಕೂತು ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ಮಕ್ಕಳೇ, ಲಿಂಕ್ಡ್‌ಇನ್ನಿಗೆ 16 ವರ್ಷ ತುಂಬಿರಬೇಕು. ಅಲ್ಲಿಯವರೆಗೆ ಒಂದು ನೋಟ್‌ಬುಕ್ ಸಾಕು. ಪ್ರತಿ ಭಾನುವಾರ ಮೂರು ಸಾಲು ಬರೆಯಿರಿ: ಈ ವಾರ ಏನು ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದೆ. ಬರೆದದ್ದನ್ನು ಅಜ್ಜ ಅಜ್ಜಿಗೆ ಓದಿ ಹೇಳಿರಿ. ಅಜ್ಜಂದಿರೇ, ನೀವೂ ನಿಮ್ಮ ಟೈಪ್‌ರೈಟರಿನಂಥ ಕಥೆಯೊಂದಿದ್ದರೆ ಮುಚ್ಚಿಡದೆ ಹೇಳಿಬಿಡಿ. ನಾನು ಐವತ್ತು ವರ್ಷ ತಡಮಾಡಿದೆ.