ಚಪ್ಪಟೆ ಪಾದಕ್ಕೆ ಸ್ಕ್ರೂ ಹಾಕಿಸುವ ಮುನ್ನ ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿ ನೋಡಿ

ತ್ಯಾವರೆಕೊಪ್ಪದ ಯಾವುದೋ ಮನೆಯಲ್ಲಿ ಪುಟ್ಟ ಮಗು ಒದ್ದೆ ಕಾಲಲ್ಲಿ ಓಡುತ್ತೆ ಅಂದುಕೊಳ್ಳಿ. ನೆಲದ ಮೇಲೆ ಅಂಗಾಲಿನ ಪೂರ್ತಿ ಅಚ್ಚು ಮೂಡುತ್ತೆ. ‘ಅಯ್ಯೋ, ಚಪ್ಪಟೆ ಪಾದ! ಮುಂದೆ ಪೊಲೀಸ್, ಮಿಲಿಟರಿಗೆ ಸೇರೋಕಾಗಲ್ಲ’ ಅಂತ ಮನೆಯವರಿಗೆ ಗಾಬರಿ. ಅಲ್ಲಿಂದ ಶುರುವಾಗುವ ಓಡಾಟ ಕೆಲವೊಮ್ಮೆ ಆಪರೇಷನ್ ಥಿಯೇಟರ್‌ವರೆಗೂ ಹೋಗುತ್ತೆ.

ಇಂಜಿನಿಯರಿಂಗ್ ಓದಿದವನಾಗಿ ನಾನು ಕೇಳುವ ಮೊದಲ ಪ್ರಶ್ನೆ: ಕೆಟ್ಟಿರೋದೇನು? ತುದಿಗಾಲಲ್ಲಿ ನಿಂತಾಗ ಕಮಾನು ಮೂಡಿದರೆ ಆ ಪಾದ ಮೃದು ಚಪ್ಪಟೆ ಪಾದ. ನೋವಿಲ್ಲದಿದ್ದರೆ ಅದು ಕಾಯಿಲೆಯೇ ಅಲ್ಲ. ಬಹುತೇಕ ಮಕ್ಕಳಿಗೆ ಹತ್ತು ವರ್ಷದೊಳಗೆ ಕಮಾನು ತಾನಾಗೇ ಬರುತ್ತೆ. 1989ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮೂರು ವರ್ಷ ವಿಶೇಷ ಶೂ ಹಾಕಿದ ಮಕ್ಕಳಿಗೂ ಹಾಕದವರಿಗೂ ವ್ಯತ್ಯಾಸವೇ ಕಾಣಲಿಲ್ಲ.

ನಮ್ಮ ಮಣಿಪಾಲದ್ದೇ ಉದಾಹರಣೆ ಇದೆ. ಅಲ್ಲಿನ ವೈದ್ಯರಾದ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಪಾದದಚ್ಚು ನೋಡಿ 1992ರಲ್ಲಿ ವರದಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ 8.6, ಬರಿಗಾಲಿನವರಲ್ಲಿ ಶೇ 2.8. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲೇ ಹೆಚ್ಚು. ಶೂವೇ ಕಾರಣ ಅಂತ ಇಷ್ಟರಿಂದಲೇ ಹೇಳೋಕಾಗಲ್ಲ. ಆದರೆ ಸರ್ಕಾರಿ ಶಾಲೆಯಲ್ಲೂ ಕಪ್ಪು ಶೂ ಹಂಚುವ ನಾವು, ಮನೆಗೆ ಬಂದ ಮಗುವನ್ನು ಅಂಗಳದಲ್ಲಿ ಬರಿಗಾಲಲ್ಲಿ ಆಡೋಕೆ ಬಿಡಬಹುದಲ್ಲ?

ಶಸ್ತ್ರಚಿಕಿತ್ಸೆ ಬೇಡವೇ ಬೇಡ ಅಂತಲ್ಲ. ವಿಶ್ರಾಂತಿ, ಮೀನಖಂಡ ಎಳೆಯುವ ವ್ಯಾಯಾಮ, ಒಳಅಟ್ಟೆ ಯಾವುದಕ್ಕೂ ಬಗ್ಗದ ನೋವಿದ್ದರೆ ಅದಕ್ಕೆ ಜಾಗ ಇದೆ. ಪಾದ ಬಿಗಿಯಾಗಿದ್ದರೆ ಕಾರಣ ಹುಡುಕಲೇಬೇಕು. ಆದರೆ ಬೆಲೆಯೂ ಗೊತ್ತಿರಲಿ. ಹಿಮ್ಮಡಿ ಮೂಳೆಗೂ ಅದರ ಮೇಲಿನ ಮೂಳೆಗೂ ನಡುವಿನ ಸಂದಿಗೆ ಸ್ಕ್ರೂನಂಥದ್ದು ಕೂರಿಸುವುದು ಒಂದು ವಿಧಾನ. ಅದು ಜಾರಬಹುದು, ಅಲ್ಲೇ ಹೊಸ ನೋವು ಹುಟ್ಟಬಹುದು, ತೆಗೆಯಲು ಇನ್ನೊಂದು ಆಪರೇಷನ್ ಬೇಕಾಗಬಹುದು. ಹಿಮ್ಮಡಿ ಮೂಳೆ ಕತ್ತರಿಸಿ ಉದ್ದ ಮಾಡಿದರೆ ಮೂಳೆ ಕೂಡದಿರಬಹುದು, ಪಕ್ಕದ ಕೀಲು ಸರಿಯಬಹುದು, ನರಕ್ಕೆ ಪೆಟ್ಟಾಗಬಹುದು. ತಿದ್ದುಪಡಿ ಹೆಚ್ಚೂಕಡಿಮೆಯಾಗುವ ಅಪಾಯ ಎರಡರಲ್ಲೂ ಇದೆ.

ಹಾಗಾಗಿ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಮಗುವಿಗೆ ಈಗ ಏನು ತೊಂದರೆ? ಕಾದರೆ ಏನಾಗುತ್ತೆ? ಸ್ಕ್ರೂ ತೆಗೆಯಬೇಕಾಗಿ ಬಂದರೆ ಮುಂದೇನು? ಸಮಾಧಾನವಾಗದಿದ್ದರೆ ಇನ್ನೊಬ್ಬ ಮೂಳೆ ತಜ್ಞರಿಗೆ ತೋರಿಸಿ. ಶಿವಮೊಗ್ಗದಲ್ಲೇ ಮೆಗ್ಗಾನ್ ಆಸ್ಪತ್ರೆ ಇದೆ. ಮುಂದೆಂದೋ ಸಿಗಬಹುದಾದ ನೌಕರಿಗಾಗಿ, ನೋವಿಲ್ಲದೆ ಓಡುತ್ತಿರುವ ಕಾಲನ್ನು ಇವತ್ತೇ ಕೊಯ್ಯಿಸಬೇಡಿ.