ಕೇಳದೆ ಕತ್ತರಿ ಹಾಕೋರು



ಕುಟುಂಬ ಯೋಜನೆ ಅಂದ ಕೂಡಲೇ ಹಾಸ್ಟೆಲಿನಲ್ಲಿ ನಗು ಶುರುವಾಗುತ್ತದೆ. ನಿರೋಧ್ ಅಂದರಂತೂ ಕೇಕೆ. ಭೂಮಿ, ಮೀಸಲಾತಿ, ಅಂಬೇಡ್ಕರ್ ಅಂತ ರಾತ್ರಿಯೆಲ್ಲಾ ವಾದ ಮಾಡುವ ಹುಡುಗರು ಈ ಮಾತು ಬಂದರೆ 'ಅದು ಹೆಂಗಸರ ವಿಷಯ ಬಿಡ್ರೋ' ಅಂತ ಟೀ ಅಂಗಡಿ ಕಡೆ ಹೊರಡುತ್ತಾರೆ. ಅವರಿಗೆ ನಾವು ಹೇಳುವುದಿಷ್ಟೆ: ಇದು ಅಂಬೇಡ್ಕರ್ ವಿಷಯವೇ, ಸ್ವಲ್ಪ ಕೂತುಕೊಳ್ಳಿ.

1938ರ ನವೆಂಬರ್ 10ರಂದು ಮುಂಬಯಿ ಪ್ರಾಂತ್ಯದ ಶಾಸನಸಭೆಯಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷದ ಪಿ. ಜೆ. ರೋಹಮ್ ಬಾಬಾಸಾಹೇಬರ ಪರವಾಗಿ ಒಂದು ಗೊತ್ತುವಳಿ ತಂದರು. ಜನಸಾಮಾನ್ಯರ ನಡುವೆ ಸಂತಾನ ನಿಯಂತ್ರಣದ ಪ್ರಚಾರ ಮಾಡಬೇಕು, ಅದಕ್ಕೆ ಬೇಕಾದ ಸೌಲಭ್ಯವನ್ನು ಸರ್ಕಾರ ಒದಗಿಸಬೇಕು ಅನ್ನುವುದು ಅದರ ತಿರುಳು. ಸಭೆ ಅದನ್ನು ತಳ್ಳಿಹಾಕಿತು. ಆ ಎರಡು ಮಾತು ನೋಡಿ: ಪ್ರಚಾರ, ಸೌಲಭ್ಯ. ತಿಳಿಸಿ ಹೇಳು, ಬೇಕಾದ್ದನ್ನು ಒದಗಿಸು. ಆ ಗೊತ್ತುವಳಿಯಲ್ಲಿ ಗುರಿ ಇಲ್ಲ, ಶಿಬಿರ ಇಲ್ಲ, ಇಷ್ಟು ತಲೆ ತಂದರೆ ಇಷ್ಟು ರೂಪಾಯಿ ಅನ್ನುವ ಲೆಕ್ಕ ಇಲ್ಲ. ಅದಕ್ಕೂ ಮುಂಚೆ, 1930ರಲ್ಲೇ, ನಮ್ಮ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯುವಂತೆ ಆಜ್ಞೆ ಮಾಡಿತ್ತು. ಒಂದು ಸರ್ಕಾರ ಇಂಥ ಕೆಲಸಕ್ಕೆ ಕೈಹಾಕಿದ್ದು ಪ್ರಪಂಚದಲ್ಲೇ ಮೊದಲು ಅಂತ ಹೇಳಿಕೊಂಡು ಹಿಗ್ಗುವವರಿದ್ದಾರೆ. ಹಿಗ್ಗಲಿ. ಈಗ ಅದೇ ಬೆಂಗಳೂರಿನ ಸ್ಲಮ್ಮಿನಲ್ಲಿ ನಮ್ಮ ಅಕ್ಕತಂಗಿಯರಿಗೆ ಏನು ಸಿಗುತ್ತಿದೆ, ಅದನ್ನು ನೋಡೋಣ.

ಇಪ್ಪತ್ತೆರಡು ಇಪ್ಪತ್ಮೂರಕ್ಕೆ ಎರಡು ಮಕ್ಕಳಾಗಿರುತ್ತವೆ. ಬೆಳಗ್ಗೆ ಗಾರ್ಮೆಂಟ್ಸು, ಇಲ್ಲಾ ಕಸ ಗುಡಿಸುವ ಕೆಲಸ, ಇಲ್ಲಾ ನಾಲ್ಕು ಮನೆಯ ಪಾತ್ರೆ. ಎರಡನೇ ಹೆರಿಗೆಗೆ ದೊಡ್ಡಾಸ್ಪತ್ರೆಗೆ ಹೋದಾಗ ಅವಳು ಕೇಳುವ ಮೊದಲ ಮಾತು, 'ಆಪರೇಷನ್ ಮಾಡಿಸ್ಕೊಂಡು ಹೋಗ್ತೀಯಾ, ಆಮೇಲೆ ಬರ್ತೀಯಾ?' ಅಂತ. 'ನಿಂಗೇನು ಬೇಕಮ್ಮ? ಇಷ್ಟು ಥರ ಇದೆ, ಒಂದೊಂದರಲ್ಲೂ ಇಂತಿಂಥ ತೊಂದರೆ, ಇಂತಿಂಥ ಅನುಕೂಲ' ಅಂತ ಯಾರೂ ಕೇಳುವುದಿಲ್ಲ. ಹೆರಿಗೆ ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಬಿದ್ದಿರುವವಳ ಕೈಗೆ ಪೆನ್ನು ಕೊಟ್ಟು ಸಹಿ ಹಾಕಿಸಿಕೊಂಡ ಕಥೆಗಳನ್ನು ನಾವು ಒಂದೇ ಕೇರಿಯಲ್ಲಿ ಬಾಯಿಂದ ಬಾಯಿಗೆ ಕೇಳಿದ್ದೇವೆ. ಒಬ್ಬಾಕೆ ಹೇಳಿದಳು: 'ಅದೇನು ಪೇಪರ್ರೋ ಗೊತ್ತಿಲ್ಲಪ್ಪ, ಹೆಬ್ಬೆಟ್ಟು ಒತ್ತಿದ್ರೆ ಮಗು ಕೊಡ್ತೀವಿ ಅಂದಂಗಿತ್ತು.' ಯಾವ ಆಸ್ಪತ್ರೆ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಹೆರಿಗೆಗೆ ಅವಳ ತಂಗಿ ಅಲ್ಲಿಗೇ ಹೋಗಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಒಂದು ಲೆಕ್ಕ ಕೊಟ್ಟಿದೆ. ಕರ್ನಾಟಕದಲ್ಲಿ ಮದುವೆಯಾದ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಆದವರು. ಗಂಡಸರು? ಇಡೀ ದೇಶದಲ್ಲಿ ಸಾವಿರಕ್ಕೆ 3. ನಮ್ಮ ರಾಜ್ಯದಲ್ಲಂತೂ ಸೊನ್ನೆಯ ಹತ್ತಿರ. ಎಲ್ಲರೂ ಎಲ್ಲವನ್ನೂ ತಿಳಿದು ಒಂದೇ ದಾರಿ ಹಿಡಿದರು ಅಂದರೆ ನಂಬಬಹುದೇನ್ರಪ್ಪಾ? ಅಂಗಡಿಯಲ್ಲಿ ಒಂದೇ ಸಾಮಾನು ಇಟ್ಟು ಗಿರಾಕಿಗೆ ಅದೇ ಇಷ್ಟ ಅಂದ ಹಾಗಾಯಿತು.

ಆಪರೇಷನ್ ಬೇಡ ಅಂತ ನಾವು ಹೇಳುತ್ತಿಲ್ಲ. ಮಕ್ಕಳು ಸಾಕು ಅಂತ ತಾನೇ ಗಟ್ಟಿ ಮಾಡಿಕೊಂಡವಳಿಗೆ ಅದು ದೊಡ್ಡ ಬಿಡುಗಡೆ. ಹೆತ್ತು ಹೆತ್ತು ಸವೆದುಹೋದ ನಮ್ಮ ಅಜ್ಜಿಯರನ್ನು ನೆನೆಸಿಕೊಂಡರೆ ಸಾಕು, ಗೊತ್ತಾಗುತ್ತದೆ. ಆದರೆ ಎರಡು ಮಕ್ಕಳ ನಡುವೆ ಮೂರು ವರ್ಷ ಅಂತರ ಬೇಕು ಅನ್ನುವವಳಿಗೆ? ಮದುವೆಯಾದ ಮೊದಲ ವರ್ಷವೇ ಬಸುರಾಗುವುದು ಬೇಡ, ಕೆಲಸ ಕಾಯಂ ಆಗಲಿ ಅನ್ನುವವಳಿಗೆ? ಸರ್ಕಾರದ ಪಟ್ಟಿಯಲ್ಲೇ ಇರುವುದನ್ನು ಹೇಳುತ್ತೇವೆ: ನಿರೋಧ್, ದಿನದ ಗುಳಿಗೆ ಮಾಲಾ-ಎನ್, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ನುಂಗುವ ಛಾಯಾ, ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಅಂತರ, ಐದು ವರ್ಷದ್ದೂ ಹತ್ತು ವರ್ಷದ್ದೂ ಇರುವ ವಂಕಿ. ಎಲ್ಲಾ ಪುಕ್ಕಟೆ. ಛಾಯಾ ಅನ್ನುವ ಗುಳಿಗೆಯ ಮದ್ದು ಲಕ್ನೋದ ನಮ್ಮದೇ ಸರ್ಕಾರಿ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು. ನಿಮ್ಮ ಕೇರಿಯಲ್ಲಿ ಎಷ್ಟು ಹೆಂಗಸರಿಗೆ ಇದರ ಹೆಸರು ಗೊತ್ತು, ಕೇಳಿ ನೋಡಿ.

ವಂಕಿಯ ಕಥೆ ಸ್ವಲ್ಪ ಹೇಳಬೇಕು. 1965ರಲ್ಲಿ ಲಿಪ್ಪೆಸ್ ಲೂಪ್ ಅನ್ನುವ ಪ್ಲಾಸ್ಟಿಕ್ ವಂಕಿಯನ್ನು ದೇಶದ ತುಂಬಾ ಅಬ್ಬರದಿಂದ ಹಾಕಿಸಿದರು. ರಕ್ತ ಹೋದವು, ನೋವಾದವು. ಹಾಕಿದವರು ತಿರುಗಿ ನೋಡಲಿಲ್ಲ. ಊರೂರಿಗೆ ಗಾಬರಿಯ ಸುದ್ದಿ ಹಬ್ಬಿತು, ಕೆಲವೇ ವರ್ಷದಲ್ಲಿ ಅದು ಮೂಲೆ ಸೇರಿತು. ಈಗಿನ ತಾಮ್ರದ ವಂಕಿ ಅದಕ್ಕಿಂತ ಎಷ್ಟೋ ಮೇಲು. ಹೆರಿಗೆಯಾದ 48 ಗಂಟೆಯೊಳಗೇ ಹಾಕಬಹುದು. ಆದರೆ ಹಾಕುವಾಗ ಹೇಳಿ ಹಾಕಿದರೋ, ಹೇಳದೆ ಹಾಕಿದರೋ? ಸ್ರಾವ ಜಾಸ್ತಿಯಾದರೆ ಯಾರ ಹತ್ತಿರ ಬರಬೇಕು ಅಂದರೋ? ಬೇಡವೆನಿಸಿದ ದಿನ ತೆಗೆಸಿಕೊಳ್ಳಲು ಬಂದವಳನ್ನು 'ಸುಮ್ನಿರು, ಹೊಂದ್ಕೊಳ್ಳುತ್ತೆ' ಅಂತ ಬೈದು ಕಳಿಸಿದರೋ? ತೆಗೆಯಲು ಒಪ್ಪದ ಆಸ್ಪತ್ರೆಗೆ ಹಾಕುವ ಹಕ್ಕು ಎಲ್ಲಿಂದ ಬಂತು?

ಸೇವೆಯ ಗುಣ ಅಂದರೆ ಏನು ಅಂತ 1990ರಲ್ಲಿ ಜೂಡಿತ್ ಬ್ರೂಸ್ ಎಂಬಾಕೆ ಬರೆದರು. ಆರಿಸಿಕೊಳ್ಳಲು ಹಲವು ವಿಧಾನ ಇರಬೇಕು, ಸರಿಯಾದ ಮಾಹಿತಿ ಕೊಡಬೇಕು, ಕೈಚಳಕ ಇರಬೇಕು, ಮನುಷ್ಯರಂತೆ ಮಾತಾಡಬೇಕು, ಆಮೇಲೂ ವಿಚಾರಿಸಬೇಕು, ಬೇರೆ ಆರೋಗ್ಯ ಸೇವೆಯೂ ಜೊತೆಗೇ ಸಿಗಬೇಕು. ಲೋಕವೆಲ್ಲಾ ಅದನ್ನು ಒಪ್ಪಿಕೊಂಡಿತು. ನಮ್ಮವರಿಗೆ ಇದರಲ್ಲಿ ನಾಲ್ಕನೆಯದೇ ದೊಡ್ಡದು. 'ನಿಮ್ಮೋರಿಗೆ ಇದೇ ಕೆಲಸ', 'ಹೆರೋವಾಗ ಗೊತ್ತಾಗ್ಲಿಲ್ವಾ' ಅನ್ನುವ ಮಾತನ್ನು ಹೆರಿಗೆ ವಾರ್ಡಿನಲ್ಲಿ ಕೇಳದ ಕೇರಿಯ ಹೆಣ್ಣುಮಗಳು ಸಿಕ್ಕರೆ ನಮಗೆ ತೋರಿಸಿ. ಆ ಮಾತು ಕೇಳಿದವಳು ಎರಡನೇ ಸಲ ಹೋಗುವುದಿಲ್ಲ. ಹೋಗದಿದ್ದರೆ 'ಇವರಿಗೆ ತಿಳುವಳಿಕೆ ಇಲ್ಲ' ಅಂತ ಬರೆದುಕೊಳ್ಳುತ್ತಾರೆ.

ಇನ್ನು ನಮ್ಮ ಗಂಡಸರ ವಿಚಾರ. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ, 82 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಅದರಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ. ಹಿಡಿದು ಎಳೆದುಕೊಂಡು ಹೋದದ್ದು ಯಾರನ್ನ? ಕೂಲಿಯವರನ್ನ, ಗುಡಿಸಲಿನವರನ್ನ, ಗುರಿ ಮುಟ್ಟದ ಬಡ ನೌಕರರನ್ನ. ಜನ ರೊಚ್ಚಿಗೆದ್ದರು, 1977ರಲ್ಲಿ ಸರ್ಕಾರವೇ ಬಿತ್ತು. ಆಮೇಲೆ ಬಂದವರು 'ಕುಟುಂಬ ಯೋಜನೆ' ಅನ್ನುವ ಹೆಸರನ್ನು 'ಕುಟುಂಬ ಕಲ್ಯಾಣ' ಮಾಡಿದರು, ಕತ್ತರಿಯನ್ನು ಗಂಡಸರ ಕಡೆಯಿಂದ ಹೆಂಗಸರ ಕಡೆ ತಿರುಗಿಸಿದರು. ಗಂಡಸಿಗೆ ಸಿಟ್ಟು ಬಂದರೆ ಓಟು ಹೋಗುತ್ತದೆ, ಹೆಂಗಸಿಗೆ ನೋವಾದರೆ ಏನು ಹೋಗುತ್ತದೆ!

ಗಂಡಸರ ಆಪರೇಷನ್ನಿಗೆ ಈಗ ಚಾಕು ಕೂಡ ಬೇಡ. ಹೊಟ್ಟೆ ತೆರೆಯುವುದಿಲ್ಲ, ಕಾಲು ಗಂಟೆಯ ಕೆಲಸ, ಅದೇ ದಿನ ಮನೆಗೆ. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ ನೋಡಿಕೊಂಡರೆ ಮುಗಿಯಿತು. ಗಂಡಸುತನ ಹೋಗುವುದಿಲ್ಲ, ಮೂಟೆ ಹೊರುವ ಶಕ್ತಿ ಹೋಗುವುದಿಲ್ಲ. ಹೆಂಗಸಿನದು ಹೊಟ್ಟೆಯೊಳಗಿನ ಕೆಲಸ. ಆದರೂ 'ನಾನು ದುಡಿಯೋನು, ನನಗ್ಯಾಕೆ' ಅನ್ನುತ್ತಾನೆ ನಮ್ಮಣ್ಣ. ಅವಳೂ ಮಾರನೇ ವಾರ ಮಿಷಿನ್ನಿನ ಮುಂದೆ ಕೂರಬೇಕಲ್ಲ, ಅವಳದ್ದು ದುಡಿಮೆಯಲ್ಲವಾ? 'ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ' ಅಂತ ಗೋಡೆ ಮೇಲೆ ಬರೆಸಿದ ಸರ್ಕಾರವೂ ಅವನಂಥದ್ದೇ. ಹೆತ್ತವಳಿಗೆ ಕೀರ್ತಿ ಬರಬೇಕಾದರೆ ಗಂಡೇ ಹುಟ್ಟಬೇಕು ನೋಡಿ!

ಬಡವರ ಹೊಟ್ಟೆ ಎಷ್ಟು ಅಗ್ಗ ಅನ್ನುವುದಕ್ಕೆ ಎರಡು ಊರಿನ ಹೆಸರು ಸಾಕು. 2012ರ ಜನವರಿಯಲ್ಲಿ ಬಿಹಾರದ ಅರಾರಿಯಾ ಜಿಲ್ಲೆಯ ಒಂದು ಶಾಲೆಯಲ್ಲಿ ಎರಡು ಗಂಟೆಯಲ್ಲಿ 53 ಹೆಂಗಸರಿಗೆ ಟಾರ್ಚ್ ಬೆಳಕಿನಲ್ಲಿ ಆಪರೇಷನ್ ಮಾಡಿದರು ಅಂತ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್ಪುರದ ಹತ್ತಿರ ಬಳಕೆಯಲ್ಲಿಲ್ಲದ ಕಟ್ಟಡವೊಂದರಲ್ಲಿ ಒಬ್ಬನೇ ಸರ್ಜನ್ ಕೆಲವೇ ಗಂಟೆಯಲ್ಲಿ 83 ಹೆಂಗಸರಿಗೆ ಕೈಹಾಕಿದ. ನಿಯಮದ ಪ್ರಕಾರ ದಿನಕ್ಕೆ 30 ಮೀರುವ ಹಾಗಿಲ್ಲ. ಆ ವಾರದ ಶಿಬಿರಗಳಿಗೆ ಹೋದವರಲ್ಲಿ 13 ಜನ ಸತ್ತರು. 2016ರ ಸೆಪ್ಟೆಂಬರಿನಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮೂರು ವರ್ಷದೊಳಗೆ ಶಿಬಿರಗಳನ್ನು ನಿಲ್ಲಿಸಿ, ಒಪ್ಪಿಗೆ ಪತ್ರ ಆಯಾ ಭಾಷೆಯಲ್ಲಿರಲಿ, ಅರ್ಥ ಆಗುವ ಹಾಗೆ ವಿವರಿಸಿ ಅಂತ ಹೇಳಿತು.

ಅದು ಹಳ್ಳಿ ಕಥೆ, ಪಟ್ಟಣದಲ್ಲಿ ದೊಡ್ಡ ಆಸ್ಪತ್ರೆಗಳಿವೆಯಲ್ಲ ಅನ್ನಬಹುದು. ಇವೆ. 2013ರಲ್ಲಿ ಬಂದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಲೆಕ್ಕದಲ್ಲಿ 50,000 ಜನಕ್ಕೆ ಒಂದು ಆರೋಗ್ಯ ಕೇಂದ್ರ, 200ರಿಂದ 500 ಮನೆಗೆ ಒಬ್ಬ ಆಶಾ. ಆದರೆ ಸ್ಲಂ ಕಿತ್ತು ಊರಾಚೆಗೆ ಎಸೆದಾಗ ಆಶಾಳ ಪುಸ್ತಕದಲ್ಲಿದ್ದ ಹೆಸರೂ ಕಿತ್ತುಹೋಗುತ್ತದೆ. ರಾಯಚೂರು, ಕಲಬುರಗಿ ಕಡೆಯಿಂದ ಬಂದು ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿರುವವಳು ಎಷ್ಟೋ ಸಲ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಮೂರು ತಿಂಗಳಿಗೊಮ್ಮೆ ಚುಚ್ಚಬೇಕಾದ ಅಂತರ ಅವಳಿಗೆ ಎರಡನೇ ಸಲ ಯಾರು ಚುಚ್ಚುತ್ತಾರೆ? ಗಾರ್ಮೆಂಟ್ಸಿನವಳು ಸರದಿಯಲ್ಲಿ ನಿಲ್ಲಬೇಕಾದರೆ ಅರ್ಧ ದಿನದ ಕೂಲಿ ಬಿಡಬೇಕು. ಪುಕ್ಕಟೆ ಗುಳಿಗೆಯ ನಿಜವಾದ ಬೆಲೆ ಆ ಅರ್ಧ ದಿನದ ಕೂಲಿ.

ಮತ್ತೊಂದು ತಮಾಷೆ. ನಿನ್ನೆವರೆಗೆ ದೇಶಕ್ಕೆ ಭಾರ ಅಂತ ಬೈಯುತ್ತಿದ್ದವರು ಈಗ ಹೆರಿ ಅನ್ನಲು ಶುರು ಮಾಡಿದ್ದಾರೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೂ 2.1 ಬೇಕು. ಪಕ್ಕದ ಆಂಧ್ರದಲ್ಲಿ 2024ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರೇ ಹೆಚ್ಚು ಮಕ್ಕಳು ಮಾಡಿಕೊಳ್ಳಿ ಅಂದರು. ಅಂದು ಕತ್ತರಿಸುವಾಗ ಕೇಳಲಿಲ್ಲ, ಇಂದು ಹೆರು ಅನ್ನುವಾಗಲೂ ಅವಳನ್ನು ಕೇಳುತ್ತಿಲ್ಲ.

ಹಾಸ್ಟೆಲಿನವರು ಮಾಡಬಹುದಾದ ಕೆಲಸ ಇದೆ. ನಿಮ್ಮ ವಾರ್ಡಿನ ಆರೋಗ್ಯ ಕೇಂದ್ರಕ್ಕೆ ಇಬ್ಬಿಬ್ಬರು ಹೋಗಿ. ಛಾಯಾ ಇದೆಯಾ, ಅಂತರ ಇದೆಯಾ, ವಂಕಿ ತೆಗೆಯುವವರು ಯಾವ ದಿನ ಇರುತ್ತಾರೆ, ಗಂಡಸರ ಆಪರೇಷನ್ ಎಲ್ಲಿ ಮಾಡುತ್ತಾರೆ ಅಂತ ಕೇಳಿ. ಒಪ್ಪಿಗೆ ಪತ್ರದ ನಮೂನೆ ಕೇಳಿ ಓದಿ. ನಮ್ಮ ಸ್ಲಮ್ಮುಗಳಲ್ಲಿ ತಮಿಳು, ತೆಲುಗು, ಉರ್ದು ಆಡುವವರೂ ಇದ್ದಾರೆ, ಅವರಿಗೆ ಯಾರು ಓದಿ ಹೇಳುತ್ತಾರೆ ಅಂತಲೂ ಕೇಳಿ. ಆಪರೇಷನ್ನಿಗೆ ಗಂಡನ ಸಹಿ ಕಡ್ಡಾಯವಲ್ಲ ಅನ್ನುವುದು ಸರ್ಕಾರದ್ದೇ ನಿಯಮ. ಗೊತ್ತಿಲ್ಲ ಅಂದರೆ ನೀವೇ ತಿಳಿಸಿ. ಆಪರೇಷನ್ ಆದವಳಿಗೆ ಪ್ರಮಾಣ ಪತ್ರ ಕೊಡಬೇಕು, ಕೆಟ್ಟರೆ ಪರಿಹಾರದ ಯೋಜನೆ ಇದೆ, ಆ ಕಾಗದ ಎಸೆಯಬೇಡಿ ಅಂತ ಕೇರಿಯಲ್ಲಿ ಹೇಳಿ. ನಿರೋಧ್ ಕೇಳಿದರೆ ಮದುವೆ ಆಗಿದೆಯಾ ಅಂತ ಕೇಳುವ ಅಧಿಕಾರ ಯಾರಿಗೂ ಇಲ್ಲ. ಮದುವೆಯಾಗದ ಹೆಣ್ಣುಮಗಳಿಗೂ ಗರ್ಭಪಾತದ ಕಾನೂನಿನಲ್ಲಿ ಮದುವೆಯಾದವಳಷ್ಟೇ ಹಕ್ಕಿದೆ ಅಂತ 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೆಣ್ಣುಮಕ್ಕಳ ಹಾಸ್ಟೆಲಿನ ಸಂಗಾತಿಗಳು ಇದನ್ನು ಗೋಡೆಗೆ ಅಂಟಿಸಬೇಕು, ವಾರ್ಡನ್ ಹರಿದರೆ ಮತ್ತೆ ಅಂಟಿಸಬೇಕು.

ಕೇಂದ್ರದಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ, ಯಾರು ಹೇಗೆ ಮಾತಾಡಿಸಿದರು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಮುಂದಿನ ಮೀಟಿಂಗಿಗೆ ತನ್ನಿ. ಹೆಂಗಸರ ಹೆಸರು ಬರೆಯಬೇಡಿ, ವಾರ್ಡಿನ ಹೆಸರು ಸಾಕು. ಬಂದಷ್ಟನ್ನೂ ಬರುವ ಸಂಚಿಕೆಯಲ್ಲಿ ಹಾಕುತ್ತೇವೆ.